ಡಯಾಲಿಸಿಸ್ ಇಲ್ಲದ ದಿನಗಳು

ಅತ್ತಿಗುಪ್ಪೆ
೩ ಆಗಸ್ಟ್ ೨೦೨೫

ಮುದ್ದು ಮೇಧಾ,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಷ್ಟು ದಿನ ನಿನ್ನ ಫೋನಿಗೆ ಸಿಗದೆ ಕಾಯಿಸಿದೆ, ಬೇಜಾರು ಮಾಡಿಕೊಳ್ಳಬೇಡ. ಕೆಂಗೇರಿ ಉಪನಗರವೇನೂ ದೂರವಲ್ಲ. ಆದರೆ ಎದುರು ಕೂತರೆ ನೀನು ಅಳುತ್ತೀಯ, ನಿನ್ನನ್ನು ಸಮಾಧಾನ ಮಾಡುವುದರಲ್ಲೇ ನನ್ನ ಹೊತ್ತು ಹೋಗುತ್ತದೆ. ಅದಕ್ಕೇ ಈ ಕಾಗದ.

ಪಾರ್ಕಿನಲ್ಲಿ ನಾನು ತಲೆಸುತ್ತಿ ಬಿದ್ದ ಮೇಲೆ ನಿಮ್ಮಪ್ಪ ನನ್ನ ಶೂಗಳನ್ನು ಅಟ್ಟಕ್ಕೆ ಹಾಕಿದ್ದು ನಿನಗೆ ಗೊತ್ತು. ಆಮೇಲೆ ಡಯಾಲಿಸಿಸ್‌ಗೆ ಹೋಗುವುದು, ಬಂದು ಮಲಗುವುದು, ಇಷ್ಟೇ ಆಯಿತು. ಮೆಷಿನ್ನಿನಿಂದ ಎದ್ದು ಬಂದಾಗ ಹಿಂಡಿದ ಬಟ್ಟೆಯ ಹಾಗಿರುತ್ತೇನೆ, ನಿಜ. ಆದರೆ ಮಾರನೆಯ ದಿನವೂ ಯಾರೂ ಏಳಲು ಬಿಡುತ್ತಿರಲಿಲ್ಲ. ಬಕೆಟ್ ಮುಟ್ಟಿದರೆ ಸಾಕು, ಅಪ್ಪ "ಸೂಜಿ ಹಾಕೋ ಕೈ ಕಣೇ ಅದು!" ಎಂದು ಓಡಿ ಬರುತ್ತಿದ್ದರು. ಕೆಳಗಿನ ಮನೆಯ ಪಟಾಲಮ್ಮನವರಂತೂ, "ಈ ಸ್ಥಿತೀಲಿ ನಿಮಗ್ಯಾಕ್ರೀ ವಾಕಿಂಗು? ಆರಾಮಾಗಿ ಟೀವಿ ನೋಡ್ಕೊಂಡಿರಿ" ಎಂದರು.

ಒಂದು ದಿನ ಬಚ್ಚಲಲ್ಲಿ ಬಟ್ಟೆ ಒಗೆಯಲು ಕೆಳಗೆ ಕೂತವಳಿಗೆ ಏಳಲಾಗಲಿಲ್ಲ. ತೊಡೆಯಲ್ಲಿ ಶಕ್ತಿಯೇ ಇರಲಿಲ್ಲ. ಅಪ್ಪನನ್ನು ಕೂಗಲಿಲ್ಲ. ನಲ್ಲಿ ಹಿಡಿದು, ಹಲ್ಲು ಕಚ್ಚಿ ಎದ್ದೆ. ಕಿಡ್ನಿ ಹೋಗಿದ್ದು ಕಾಯಿಲೆಯಿಂದ. ಕಾಲು ಹೋಗುತ್ತಿರುವುದು ನಿಮ್ಮೆಲ್ಲರ ಅಕ್ಕರೆಯಿಂದ.

ಮರುದಿನ ಡಾಕ್ಟರ್ ಚನ್ನವೀರಪ್ಪನವರನ್ನು ಡಯಾಲಿಸಿಸ್ ವಾರ್ಡಿನಲ್ಲೇ ತಡೆದೆ. "ನಾನು ವ್ಯಾಯಾಮ ಮಾಡ್ಬಹುದೋ ಇಲ್ವೋ, ಇವತ್ತು ಹೇಳಿಯೇ ಹೋಗಿ ಸಾರ್."

ಅವರು ನನ್ನ ಫೈಲು ತಿರುವುತ್ತಾ, "ಇಷ್ಟು ವರ್ಷದಲ್ಲಿ ನೀವೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ ನೋಡಿ" ಎಂದರು.

ನನ್ನನ್ನು ಪರೀಕ್ಷಿಸಿ, ಫಿಸಿಯೋಥೆರಪಿಯ ಲಕ್ಷ್ಮಿಯನ್ನು ಕಳಿಸಿದರು. ಡಯಾಲಿಸಿಸ್ ಆದ ಸಂಜೆಯೇ ನಡೆಯಲು ಹೋದದ್ದರಿಂದ ನಾನು ಬಿದ್ದೆ, ನಡೆದದ್ದೇ ತಪ್ಪಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಈಗ ಮೆಷಿನ್ ಓಡುವಾಗ ಮೊದಲ ಒಂದು ಗಂಟೆ ಮಲಗಿದಲ್ಲೇ ಕಾಲಿನ ವ್ಯಾಯಾಮ ಮಾಡುತ್ತೇನೆ. ಪಕ್ಕದ ಮಂಚದ ಗೂಳಪ್ಪನವರು ಮೊದಮೊದಲು ನಗುತ್ತಿದ್ದರು. ಹೋದ ವಾರ, "ನಂಗೂ ಹೇಳ್ಕೊಡಿ ತಾಯಿ" ಎಂದು ಅವರೂ ಕಾಲೆತ್ತಿದರು.

ಡಯಾಲಿಸಿಸ್ ಇಲ್ಲದ ದಿನ ಪಾರ್ಕು. ಅಟ್ಟ ಹತ್ತುವ ಗೋಜಿಗೆ ಹೋಗಲಿಲ್ಲ, ಹೊಸ ಶೂ ತಂದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ಬಿದ್ರೆ ಏನೇ ಗತಿ?"

"ಬಿದ್ರೆ ಎತ್ತೋಕೆ ಜೊತೇಲಿ ಬನ್ನಿ. ಇಲ್ದಿದ್ರೆ ದಾರಿ ಬಿಡಿ."

ಬಂದರು. ಅರ್ಧ ಸುತ್ತಿಗೇ ಏದುಸಿರು ಬಿಟ್ಟು ಬೆಂಚಿನ ಮೇಲೆ ಕೂತವರೂ ಅವರೇ! ನಿನ್ನೆ ಮೆಟ್ರೋ ಸ್ಟೇಷನ್ನಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದೆ. ನಡುವೆ ನಿಂತೆ, ಉಸಿರು ತೆಗೆದುಕೊಂಡೆ, ಮತ್ತೆ ಹತ್ತಿದೆ.

ನಿನ್ನ ಮೈಯಲ್ಲಿ ಸದಾ ಕಸುವಿರಲಿ, ಮಕ್ಕಳು ನಗುನಗುತ್ತಾ ಬೆಳೆಯಲಿ.

ನಿನ್ನ ಅಮ್ಮ,
ಅನಂತಲಕ್ಷ್ಮಿ

ತಾ.ಕ.: ನಾನು ಬಿದ್ದ ದಿನ ನೀನು ಅಪ್ಪನಿಗೆ ಫೋನಿನಲ್ಲಿ, "ಅಮ್ಮಂಗೆ ಇನ್ನೆಷ್ಟು ದಿನ ಇದೆಯೋ, ಸುಮ್ನೆ ಮಲಗಿರ್ಲಿ ಬಿಡಪ್ಪ" ಎಂದೆ. ಸ್ಪೀಕರ್ ಹಾಕಿದ್ದರು. ನಾನು ಪಕ್ಕದ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದೆ. ಎಷ್ಟು ದಿನವೋ ನನಗೂ ಗೊತ್ತಿಲ್ಲ ಮಗಳೇ. ಆದರೆ ನಾನಿನ್ನೂ ಹೋಗಿಲ್ಲ. ಬರುವ ಭಾನುವಾರ ಬಾ, ಅಳಬೇಡ, ನನ್ನ ಜೊತೆ ನಡೆ.