ಫಾಯಿಲ್ ಈ ಸಲವೂ ಮುದುಡಿಯೇ ಅಂಟಿಸಿದೆ

ಪ್ರೀತಿಯ ಮಾಮ,

ಸಾರಿ. ಹೋದವರಿಗೆ ಪತ್ರ ಬರೆಯಬಾರದು, ಅವರನ್ನು ಆರಾಮಾಗಿ ಇರಲು ಬಿಡಬೇಕು ಎಂದು ಮಾಮಿ ಹೇಳುತ್ತಾರೆ. ಆದರೆ ಬಹರೈನಿನಲ್ಲಿ ನನಗೆ ಏನಾದರೂ ಕೇಳುವುದಕ್ಕೆ ಇದ್ದವರು ನೀವೊಬ್ಬರೇ. ನನ್ನ ಕನ್ನಡ ಅರ್ಧ ಇಂಗ್ಲಿಷ್ ಎಂದು ನಗಬೇಡಿ. ತುಂಬ ಸುಸ್ತಾಗಿದೆ, ತಿದ್ದಲು ಶಕ್ತಿಯಿಲ್ಲ.

ಊರಿನ ಹಾಸ್ಟೆಲಿನಿಂದ ಇಲ್ಲಿನ ಸೆಗಯಾ ಏರಿಯಾದ ನಿಮ್ಮ ಫ್ಲ್ಯಾಟಿಗೆ ಬಂದ ವಾರವೇ ನಾವು ಎದುರಿನ ಕೋಣೆಯ ಕಿಟಕಿಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಅಂಟಿಸಿದ್ದು ನೆನಪಿದೆಯಾ? ಬಿಸಿಲು ತಡೆಯಲು ಇಲ್ಲಿ ಎಲ್ಲರೂ ಅಂಟಿಸುತ್ತಾರೆ. ನಾನು ಸ್ಕೇಲ್ ಹಿಡಿದು, ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದೆ. ಮರುದಿನ ಎದುರು ಮನೆಯ ಹಾಜಿ ಬಂದು, ಕನ್ನಡಿ ಹಿಡಿದ ಹಾಗೆ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ ಎಂದರು. ನೀವು ವಾದಿಸಲಿಲ್ಲ. ಫಾಯಿಲ್ ಕಿತ್ತು, ಮುಷ್ಟಿಯಲ್ಲಿ ಮುದುಡಿ, ಬಿಡಿಸಿ, ಮತ್ತೆ ಅಂಟಿಸಿದಿರಿ. "ಈಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೋಗ್ತದೆ, ಒಬ್ಬನ ತಲೆಗೇ ಬೀಳುದಿಲ್ಲ," ಎಂದಿರಿ. ಇದು ಮನೆಯಾ, ಪರೋಟ ಪಾರ್ಸೆಲ್ಲಾ ಎಂದು ಮಾಮಿ ಕೇಳಿದ್ದರು.

ನೀವು ತೀರಿಕೊಂಡ ಮೇಲೆ ಇಲ್ಲಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಹಾಯಕ್ಕೆ ಸೇರಿದೆ. ಉಳ್ಳಾಲದ ನಸೀಮಕ್ಕ ಅಲ್ಲಿ ಸೀನಿಯರ್. ಗಾಜಿನ ತುಂಡುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಹರಡುತ್ತಾರೆ. ಬಿಸಿಲು ಅವಕ್ಕೆ ತಾಗಿ ಓರೆಯಾಗಿ ಚದುರಿ, ತೆಳು ಸೋಲಾರ್ ಸೆಲ್ಲಿನೊಳಗೆ ಹೆಚ್ಚು ದೂರ ಓಡಾಡಬೇಕು, ಬಂದ ದಾರಿಯಲ್ಲೇ ವಾಪಸ್ ಹೋಗಬಾರದು. ಮೈಕ್ರೋಸ್ಕೋಪಿನ ಫೋಟೋ ನೋಡಿ ಒಳ್ಳೆಯ ಗಾಜನ್ನು ಎತ್ತಿಟ್ಟು, ಕೆಟ್ಟದ್ದನ್ನು ತೊಳೆದಿಡುವುದು ನನ್ನ ಕೆಲಸ.

ಹಾಸ್ಟೆಲಿನಲ್ಲಿ ಚಪ್ಪಲಿ ಸಾಲಾಗಿರಬೇಕು, ತಟ್ಟೆ ಸಾಲಾಗಿರಬೇಕು, ಬೆಡ್‌ಶೀಟಿನ ಗೆರೆ ಕೂಡ... ನಿಮಗೆ ಗೊತ್ತಲ್ಲ. ಕಣಗಳು ಸಾಲಾಗಿ ನಿಂತ ಗಾಜುಗಳನ್ನು ಇಟ್ಟುಕೊಂಡೆ. ಚೆಲ್ಲಾಪಿಲ್ಲಿಯಾಗಿದ್ದವನ್ನೆಲ್ಲ ತೊಳೆದುಬಿಟ್ಟೆ. ತೊಳೆದದ್ದೇ ಬೇಕಾದದ್ದಂತೆ, ಮಾಮ. ಸಾಲಾಗಿ ನಿಂತರೆ ಬೆಳಕಿನ ಒಂದೊಂದು ಬಣ್ಣ ಒಂದೊಂದು ದಿಕ್ಕಿಗಷ್ಟೇ ಹೋಗುತ್ತದೆ. ಸಾಲೂ ಇರಬಾರದು, ಒಂದಕ್ಕೊಂದು ಅಂಟಿಕೊಂಡೂ ಇರಬಾರದು. ಅಂಥ ಚೆಲ್ಲಾಪಿಲ್ಲಿಯನ್ನು ನಸೀಮಕ್ಕ ಬೇಕೆಂದೇ, ಕಷ್ಟಪಟ್ಟು ಮಾಡಿದ್ದರು.

ಖಾಲಿ ಗಾಜುಗಳನ್ನು ಅವರು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ನಿನ್ನ ವಾರ್ಡನ್ ಇಲ್ಲಿಗೂ ಬಂದು ಲೈನ್ ಹಾಕಿಸಿದ ಹಾಗುಂಟು ಮಾರಾಯ್ತಿ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ಎಲ್ಲ ಹೊಸದಾಗಿ ಶುರು ಮಾಡುತ್ತಾರಂತೆ. ನಾನು ಬರುವುದಾದರೆ ಇವತ್ತೇ ಹೇಳಬೇಕು, ಇಲ್ಲದಿದ್ದರೆ ಬೇರೆ ಯಾರನ್ನಾದರೂ... ಅಂದಿನಿಂದ ಏನನ್ನು ಮುಟ್ಟಲೂ ಹೆದರಿಕೆ. ಚಹಾದ ಗ್ಲಾಸ್ ತೊಳೆಯಲೂ ಕೂಡ. ಇನ್ನೊಮ್ಮೆ ಹಾಳುಮಾಡಿದರೆ?

ಇವತ್ತು ಬೆಳಿಗ್ಗೆ ಮಾಮಿ, ಕಿಟಕಿಯ ಹರಿದ ಫಾಯಿಲ್ ತೆಗೆದು ಹೊಸದು ಅಂಟಿಸು ಎಂದರು. ರೋಲ್ ಬಿಚ್ಚಿದೆ. ಯೋಚಿಸುವ ಮೊದಲೇ ನನ್ನ ಕೈ ಅದನ್ನು ಮುದುಡಿತ್ತು. ಮಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಪುನಃ ಪರೋಟ ಪಾರ್ಸೆಲ್ಲಾ?" ಎಂದರು. ನಕ್ಕರು, ಮಾಮ. ನೀವಿಲ್ಲದ ಈ ಮನೆಯಲ್ಲಿ ಮೊದಲ ಸಲ.

ನಸೀಮಕ್ಕನಿಗೆ 'ಬರ್ತೇನೆ' ಎಂದು ಟೈಪ್ ಮಾಡಿಟ್ಟಿದ್ದೇನೆ. ಕಳುಹಿಸಿಲ್ಲ. ಕಳುಹಿಸಲಾ?

ಬೇಗ ಉತ್ತರ ಬರೆಯಿರಿ.