ಮೂರನೆಯ ಕಂಬದ ಬಂಧು

ಮಾರ್ಚ್ ೪, ಸೋಮವಾರ

ಮರದಿಂದ ನೀರಾ ಇಳಿಸಿಯಾಯಿತು. ಒಂದೂವರೆ ಬಾಟಲಿ. ಎಪ್ಪತ್ತೊಂದರಲ್ಲಿಯೂ ಮೊಣಕಾಲು ತೆಂಗನ್ನು ಹತ್ತಿಸುತ್ತಿದೆ. ಕರ್ತನಿಗೆ ಸ್ತೋತ್ರ.

ಮೊಮ್ಮಗಳು ಮೋಯಾ ಶಾಲೆಗೆ ಹೋಗಲೊಲ್ಲೆನೆಂದು ಅಕ್ಕಿಯ ಡಬ್ಬಿ ಒದ್ದಳು. ಮಗಳು ತೆರಾಕಾ ಪೊರಕೆ ಎತ್ತಿದಳು. ಎರಡು ಏಟು ಬಿದ್ದವು. ಬಳಿಕ ಹೊಡೆದವಳೇ ಬಾವಿಯ ಹಿಂದೆ ಕುಳಿತು ಅತ್ತಳು. ಅಳಿಯ ಜರ್ಮನಿಯವರ ಹಡಗಿನಲ್ಲಿ... ಹನ್ನೊಂದು ತಿಂಗಳಾಯಿತು. ಏಳು ವರ್ಷದ ಕೂಸಿಗೆ ತಂದೆಯೆಂದರೆ ಫೋನಿನಲ್ಲಿ ಮೂಡಿ ಮರೆಯಾಗುವ ಮುಖ.

ಶಾಲೆಯ ಶಿಕ್ಷಕಿ ಚೀಟಿ ಕಳುಹಿಸಿದ್ದಾಳೆ. ಆಸ್ಟ್ರೇಲಿಯಾದ ಸಂಸ್ಥೆಯೊಂದು ಬಳಲಿದ ತಾಯಂದಿರಿಗೆ ಫೋನಿನಲ್ಲೇ, ಮುಖ ನೋಡಿ, ಕೌನ್ಸೆಲಿಂಗ್ ನಡೆಸುತ್ತದಂತೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ.

"ಮನೆ ಮಾತು ಪರದೇಶದವರ ಮುಂದೆ ಯಾಕಮ್ಮಾ? ಪ್ರಾರ್ಥನೆ ಮಾಡು" ಎಂದೆ.

"ಮಾಡ್ದೆ ಅಪ್ಪಾ. ದೇವ್ರು ಕೇಳಿಸ್ಕೊತಾನೆ. ತಿರುಗಿ ಮಾತಾಡಲ್ಲ ನೋಡು, ಅದೇ ಕಷ್ಟ."

ಗದರಬೇಕಾಗಿತ್ತು. ನಕ್ಕುಬಿಟ್ಟೆ.

ಮಾರ್ಚ್ ೭, ಗುರುವಾರ, ಸಂಜೆ ೫

ದಿನವಿಡೀ ಬೈರಿಕಿ ಪೇಟೆಯಲ್ಲಿ ಚರ್ಚಿನ ಹಿರಿಯರ ಕೂಟ. ಮರಳಿದಾಗ ಮನೆ ನಿಶ್ಶಬ್ದ. ತೆರಾಕಾಳ ಮುಖದಲ್ಲಿ ಬಹುದಿನಗಳ ಮೇಲೆ ಬೆಳಕು.

"ಫೋನ್ ಮಾಡಿದವರು ಬಿಳಿಯರಲ್ಲ ಅಪ್ಪಾ, ನಮ್ಮವರೇ! ಕಾರೂವೆ ಅಂತ ಹೆಸರು. ಮಾತು ನಿನ್ನ ಹಾಗೇ, ಅಜ್ಜಂದಿರ ಕಾಲದ್ದು. ನಮ್ಮ ದ್ವೀಪದ ಸಭಾಮಂದಿರದಲ್ಲಿ ತೆಂಕಣ ಮೂರನೇ ಕಂಬ ಅವರ ಮನೆತನದ್ದಂತೆ. ನಂಗೆ ಅತ್ತೆ ಆಗ್ಬೇಕಂತೆ."

ತೆಂಕಣ ಮೂರನೆಯ ಕಂಬ. ಊರ ಸಭಾಮಂದಿರದಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಕಂಬ, ಅದರ ಬುಡದಲ್ಲಿ ಕೂರಲು ಒಂದು ಚಾಪೆ. ಆ ಕುಲದಲ್ಲಿ ಮಕ್ಕಳಾಗದೆ ನಿರ್ವಂಶವಾಗಿ ಮೂರು ತಲೆಮಾರು ಸಂದವು. ಅದರ ಬುಡದ ಚಾಪೆಯ ಮೇಲೆ ಯಾರೂ ಕುಳಿತುದನ್ನು ನಾನು ಕಂಡಿಲ್ಲ. ಕುಲದ ಒಂದು ಕವಲು ಹೊರದೇಶದಲ್ಲಿ ಉಳಿದಿರಬಹುದು... ಇರಬಹುದು.

"ಇನ್ನೇನಂದಳು?"

"ತುಂಬಾ ದಣಿದಿದ್ದೀಯ ಮಗಳೇ, ಮೋಯಾ ಸ್ವಲ್ಪ ದಿನ ನನ್ನ ಹತ್ರ ಇರ್ಲಿ, ನಂಗೆ ಕೊಡು ಅಂದ್ರು. ಕೌನ್ಸೆಲಿಂಗ್‌ನಲ್ಲಿ ಭಾರ ಇಳಿಸೋಕೆ ಹೀಗೆಲ್ಲ ಕೇಳ್ತಾರೆ, ಅಲ್ವಾ?"

"ನೀನೇನಂದೆ?"

"ಏನೂ ಅನ್ಲಿಲ್ಲ. ಹುಬ್ಬು ಎತ್ತಿದೆ."

ನಮ್ಮಲ್ಲಿ ಹುಬ್ಬೆತ್ತಿದರೆ ಹೌದೆಂದಂತೆ, ಬಾಯಿ ತೆರೆಯಬೇಕಾಗಿಲ್ಲ. ನಂಟು ಹೇಳಿಕೊಂಡು ಒಬ್ಬರು ಕೇಳಿದುದು ಬುಬುಸಿ. ದೋಣಿಯಾಗಲಿ, ಕೂಸಾಗಲಿ, ಬುಬುಸಿಗೆ ಇಲ್ಲವೆಂದ ಮನೆ ತಲೆಯೆತ್ತಲಾರದು. ಕೊಟ್ಟುದು ಕೊಟ್ಟವರದಲ್ಲ. ಮಗಳಿಗೆ ಇದನ್ನು ಹೇಳಲಿಲ್ಲ. ಮೋಯಾ ಅಂಗಳದಲ್ಲಿಯೇ ಇದ್ದಳಲ್ಲ, ಕಣ್ಣೆದುರೇ. ಹೇಳುವುದೇನು?

ಮಾರ್ಚ್ ೮, ಶುಕ್ರವಾರ

ಹಟವಿಲ್ಲ, ಅಳುವಿಲ್ಲ. ತಾನೇ ತಲೆ ಬಾಚಿಕೊಂಡು ಹೊಸಿಲಿನಾಚೆ ನಿಂತು ಮೋಯಾ ಕೇಳಿದಳು: "ನಿಮ್ಮನೆ ಬಾವಿ ನೀರು ಕುಡೀಬಹುದಾ?"

"ಅಯ್ಯೋ ಮಹಾರಾಣಿ, ಬಂಗಾರದ ಲೋಟ ತರ್ಲಾ?" ಎಂದು ತೆರಾಕಾ ನಕ್ಕಳು.

ಮಗು ಉತ್ತರಕ್ಕೆ ಕಾದು ನಿಂತಿತ್ತು. ಕುಡಿಯೆಂದು ನಾನು ಹೇಳುವ ತನಕ.

ಮಾರ್ಚ್ ೧೦, ಭಾನುವಾರ

ಆರಾಧನೆಯ ಬಳಿಕ ಊಟ. ಮೀನು, ಅನ್ನ. ಊಟ ಮುಗಿದೊಡನೆ ಮೋಯಾ ಎದ್ದು ನಿಂತು, ಕೈಕಟ್ಟಿ, ಪರವೂರಿನ ಅತಿಥಿ ಸಭಾಮಂದಿರದಲ್ಲಿ ಮಾಡುವ ವಂದನೆಯ ಮಾತನ್ನು ಒಂದಕ್ಷರವೂ ಎಡವದೆ ನುಡಿದಳು: "ಈ ಗೃಹದ ಹಿರಿಯರೇ, ನಿಮ್ಮ ಬಲೆಗಳು ಬರಿದಾಗದಿರಲಿ. ದಾರಿಹೋಕಳಾದ ನನಗೆ ನೀವು ನೆರಳನ್ನಿತ್ತಿರಿ. ಗಾಳಿ ತಿರುಗಿದೊಡನೆ ಹೊರಡುವೆನು."

ಅಂಥ ಭಾಷೆಯನ್ನು ನಾನು ನನ್ನ ಅಜ್ಜನ ಬಾಯಿಂದ ಕೇಳಿದ್ದೆ. ಶಾಲೆಯಲ್ಲಿ ಕಲಿಸುವುದಿಲ್ಲ.

ತೆರಾಕಾ ಚಪ್ಪಾಳೆ ತಟ್ಟಿ ನಕ್ಕಳು. ಮಗು ನಗಲಿಲ್ಲ. ಚಪ್ಪಾಳೆ ನಡುವೆಯೇ ನಿಂತಿತು.

ಮಾರ್ಚ್ ೧೩, ಬುಧವಾರ

"ಅಮ್ಮಾ ಅಂತ ಒಂದ್ಸಲ ಅನ್ನೇ ಅಂದೆ ಅಪ್ಪಾ. 'ನಮ್ಮಮ್ಮ ಕಂಬದ ಹತ್ರ ಕಾಯ್ತಿದಾಳೆ' ಅಂದ್ಲು. ಒದೀಲಿ, ಕಚ್ಚಲಿ, ಡಬ್ಬಿ ಎಲ್ಲಾ ಉರುಳಿಸ್ಲಿ... ಇನ್ಯಾವತ್ತೂ ಕೈ ಎತ್ತಲ್ಲ. ನನ್ನ ಮಗು ನಂಗೆ ಬೇಕು."

ಸಂಸ್ಥೆಗೆ ಫೋನ್ ಮಾಡಿದೆವು. ಮಾತನಾಡಿದವಳು ಸೌಮ್ಯಳೇ. "ಕಳೆದ ಗುರುವಾರ ನಾವು ಮೂರು ಸಲ ಕರೆದ್ವಿ, ನೀವು ತೆಗೀಲಿಲ್ಲ. ಕಾರೂವೆ ಅನ್ನೋರು ನಮ್ಮಲ್ಲಿ ಇಲ್ಲವಲ್ಲ. ನಿಮ್ಮ ಭಾಷೆ ಬರೋರೂ ಯಾರೂ ಇಲ್ಲ, ಕ್ಷಮಿಸಿ" ಎಂದಳು.

ತೆರಾಕಾ ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿ, ಅದರಿಂದ ದೂರ ಸರಿದು ಕುಳಿತಳು.

ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೯

ಉಪವಾಸವಿದ್ದೇನೆ. ಕೊಟ್ಟ ಕೂಸನ್ನು ಮರಳಿ ಬೇಡುವುದು ಲಜ್ಜೆಗೇಡು. ಆದರೆ ನಂಟು ಎರಡು ದಿಕ್ಕಿಗೂ ಕಟ್ಟುತ್ತದೆ. ಕಾರೂವೆ ಬಂಧುವಾದರೆ ನಾನೂ ಅವಳಿಗೆ ಬಂಧು. ನಾನು ಕೇಳಿದರೆ ಅವಳೂ ಇಲ್ಲವೆನ್ನಲಾರಳು. ಇದು ದೇವರಿಗೆ ಮೆಚ್ಚೋ ಅಲ್ಲವೋ ತಿಳಿಯದು. ಇಂದೂ ಗುರುವಾರ. ಹತ್ತಕ್ಕೆ ಅವಳು ಕರೆದರೆ ಫೋನಿನ ಮುಂದೆ ನಾನೇ ಕೂರುವೆ.

ಅದೇ ದಿನ, ೧೧.೩೦

ಕರೆ ಬಂದಿತು. ನಡುವಯಸ್ಸಿನ ಹೆಂಗಸು, ಬೆನ್ನ ಹಿಂದೆ ಹವಳಶಿಲೆಯ ಕಂಬ. ಮುಖದಲ್ಲಿ ಕೇಡು ಕಾಣಲಿಲ್ಲ. ದಣಿವು ಕಂಡಿತು.

"ಬಂದ್ಯಾ ಅಣ್ಣಾ. ಉಪವಾಸ ಯಾಕೆ? ವಯಸ್ಸಾದೋರು" ಎಂದಳು.

"ತಂಗೀ, ಬುಬುಸಿ. ಮೋಯಾಳನ್ನು ನಮಗೆ ಕೊಡು" ಎಂದೆ.

ಅವಳು ಕಂಬಕ್ಕೆ ಒರಗಿದಳು. "ಚುರುಕು ಮುದುಕ ಕಣಯ್ಯಾ ನೀನು. ಕೇಳಿದ್ಮೇಲೆ ಇಲ್ಲ ಅನ್ನೋಕಾಗತ್ತಾ? ತಗೋ."

ನನ್ನ ಬೆನ್ನ ಹಿಂದೆ ಪಾತ್ರೆ ಉರುಳಿತು. "ಅಮ್ಮಾ, ಹಸಿವು! ಎಷ್ಟೊತ್ತು ಮಾಡ್ತೀಯಾ?" ಎಂದು ಮೋಯಾ ರಚ್ಚೆ ಹಿಡಿದಳು. ತೆರಾಕಾ ಓಡಿ ಬಾಚಿ ತಬ್ಬಿದಳು. ಆ ಅಳುವಿಗಿಂತ ಇನಿದಾದ ಕೀರ್ತನೆಯನ್ನು ನಾನು ಯಾವ ದೇವಾಲಯದಲ್ಲೂ ಕೇಳಿಲ್ಲ.

ಕಾರೂವೆ ಹೋಗಿರಲಿಲ್ಲ. "ಅಣ್ಣಾ, ಈಗ ನನ್ ಬುಬುಸಿ. ಈ ಚಾಪೆ ಮೇಲೆ ಕೂರೋಕೆ ಒಬ್ರಾದ್ರೂ ಬೇಕು. ಚಿಕ್ಕೋರೇ ಆಗ್ಬೇಕು ಅಂತೇನಿಲ್ಲ."

ಮನಸ್ಸಿನಲ್ಲಿ ಕರ್ತನ ಅಪ್ಪಣೆ ಬೇಡಿದೆ. ಹಿಂದಿನಿಂದ ಮಗುವಿನ ಬಿಕ್ಕು ಕೇಳುತ್ತಿತ್ತು.

ಹುಬ್ಬು ಎತ್ತಿದೆ.

ಮಾರ್ಚ್ ೧೬, ಶನಿವಾರ

ಮೋಯಾ ಜಗಳಗಂಟಿಯೇ. ಸ್ತೋತ್ರ. ತೆರಾಕಾ ಪೊರಕೆಯನ್ನು ಒಲೆಗೆ ಹಾಕಿದಳು. ನಾನು ಕುಶಲ. ಅಳಿಯನ ಹೆಸರು ಮಾತ್ರ ನಾಲಿಗೆಗೆ ಬಾರದು.

ಮಾರ್ಚ್ ೨೪. ಭಾನುವಾರವೆಂದು ಮನೆಯಾಕೆ ಹೇಳಿದಳು

ಇಲ್ಲಿಯವರು ಸಜ್ಜನರು. ಕರ್ತನು ಇವರನ್ನು ಹರಸಲಿ. ಕಡಲ ಕಡೆಯ ಜಾಗವನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಒಂದು ಚೂಟಿ ಹುಡುಗಿ ತೊಡೆಯೇರಿ ತಾತಾ ಎನ್ನುತ್ತಾಳೆ. ಯಾರ ಕೂಸೋ. ಅಲ್ಲವೆನ್ನಲು ಮನಸ್ಸಾಗದು.

ಮನೆಯಾಕೆ ನನ್ನ ಮುಖ ನೋಡುತ್ತಲೇ ಅಳುತ್ತಾಳೆ. ಕಾರಣ ಕೇಳುವುದು ಅತಿಥಿಗೆ ತರವಲ್ಲ. ಗಾಳಿ ತಿರುಗುತ್ತಿದೆ. ತಂಗಿ ಚಾಪೆ ಹಾಸಿ ಕಾದಿರುವಳು. ಹೊರಡುವ ಮುನ್ನ ವಂದನೆಯ ಮಾತನ್ನು ಕ್ರಮವಾಗಿ ಬರೆದುಕೊಳ್ಳೋಣವೆಂದು ಕುಳಿತೆ.

ಆಕೆ ಅಂಗಳದಲ್ಲಿ ನಿಂತು "ಅಪ್ಪಾ, ಅಪ್ಪಾ" ಎಂದು ಕೂಗುತ್ತಿದ್ದಾಳೆ. ಇಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲವಲ್ಲ...