ರಾಕ್ಷಸನಿಗೆ ಮೇಷ್ಟ್ರ ಮುಖ

ಕಡಬ
18-11-1999

ಪ್ರೀತಿಯ ಖಮರು,

ನೀನು, ಮನೆಯವರು, ಮೊಮ್ಮಗಳು ಸಿದ್ರಾ ಎಲ್ಲ ಚೆನ್ನಾಗಿದ್ದೀರಿ ತಾನೆ? ಕುಣಿಗಲ್ಲಿನಿಂದ ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ರಾಗಿ ಕುಯಿಲಿನಲ್ಲಿ ಕೈ ಬಿಡುವಾಗಲಿಲ್ಲ. ಬೈದುಕೋ, ಮುನಿಸಿಕೊಳ್ಳಬೇಡ.

ನಮ್ಮೂರ ಶಾಲೆಯ ಗೋಡೆಗೆ ಅಜ್ಜಿಕಥೆಯ ಚಿತ್ರ ಬರೆಯುವ ಕೆಲಸ ಡ್ರಾಯಿಂಗ್ ಟೀಚರಾದ ನಿನಗೇ ಸಿಕ್ಕಿತೆಂದು ಓದಿ ಕುಣಿದಾಡಿದೆ. ಮಹಾಲಿಂಗಯ್ಯ ಮೇಷ್ಟ್ರ ಪುಸ್ತಕದಲ್ಲಿರುವ ರಾಕ್ಷಸನ ಕಥೆಯನ್ನೇ ಬರೆಯಬೇಕಂತಲ್ಲ, ಬರಿ. ಬಾಗಿಲ ಎಡಕ್ಕೆ ಬಾವಿಕಟ್ಟೆಯ ಮೇಲೆ ಅಳುವ ರಾಜಕುಮಾರಿ. ಅವಳಿಗೆ ಕ್ಯಾಲೆಂಡರಿನ ಜರಿಸೀರೆ ಬೇಡ, ನಮ್ಮಂಥವರ ಸೀರೆ ಇರಲಿ. ಬಲಕ್ಕೆ ಆಳೆತ್ತರದ ರಾಕ್ಷಸ. ಕೊಂಬು, ಕೋರೆಹಲ್ಲು ಏನೂ ಬೇಡ. ಮೇಷ್ಟ್ರ ಮುಖವನ್ನೇ ಇಡು. ಕಿವಿಯ ಕೂದಲು, ಹುಬ್ಬಿನ ಮೇಲಿನ ಮಚ್ಚೆ, ನಗುವಾಗ ಒಂದೇ ಕಡೆ ಏರುವ ತುಟಿ, ಒಂದೂ ಬಿಡಬೇಡ. ಪುಸ್ತಕದ ಹಿಂದೆ ಫೋಟೋ ಇದೆ, ನೋಡಿಕೊಂಡು ಬರಿ.

ಸಾಕ್ಷರತಾ ಆಂದೋಲನದ ವರ್ಷ ಮೇಷ್ಟ್ರು ಟೇಪ್ ರೆಕಾರ್ಡರ್ ತಂದು ನಮ್ಮ ಜಗಲಿಯಲ್ಲಿ ಕೂತರು. "ನೀವ್ ಹೇಳಿ ಲಕ್ಷ್ಮೀದೇವಮ್ಮ, ನಾನ್ ಹೂಂ ಅಂತೀನಿ" ಎಂದರು. ಹನ್ನೊಂದು ಕಥೆಗೆ ಹೂಂ ಎಂದರು. ಮರುವರ್ಷ ಪುಸ್ತಕ ಬಂತು, ನೋಡಿದರೆ ಹೂಂಗುಟ್ಟಿದವರೇ ಕಥೆ ಹೇಳಿದವರಾಗಿದ್ದರು. ನನ್ನ ಹೆಸರು ಯಾವ ಪುಟದಲ್ಲೂ ಇಲ್ಲ. ವಾರಗಿತ್ತಿ ಹನುಮಮ್ಮ, "ಏನಕ್ಕಾ, ಮೇಷ್ಟ್ರ ಕಥೆನೆಲ್ಲಾ ಕದ್ದು ಕಲ್ತ್‌ಬುಟ್ಟಿದ್ದೀಯಾ!" ಎಂದು ನಕ್ಕಳು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಅವರನ್ನೇ ಹಿಡಿದು ಕೇಳಿದೆ. "ಕಥೆಗೆ ಯಾರಮ್ಮ ವಾರಸುದಾರರು? ನಿಮ್ಮಜ್ಜಿ ಹೇಳಿದ್ದು ತಾನೆ?" ಎಂದವರೇ ಬಸ್ ಹತ್ತಿದರು.

ಶಾಲೆಯ ವಾರ್ಷಿಕೋತ್ಸವಕ್ಕೆ ಗೋಡೆಯ ಪರದೆ ಎಳೆಯಲು ಅವರನ್ನೇ ಕರೆದಿದ್ದಾರೆ. ಎಳೆಯಲಿ. ಊರೆಲ್ಲ ಎದುರಿಗೆ ಕೂತಿರುತ್ತದೆ. ಮಕ್ಕಳೇ ಮೊದಲು ಕಿರುಚುತ್ತವೆ. ಆಗ ನೀನು, ರಾಕ್ಷಸನ ಮುಖಕ್ಕೆ ಯಾರು ಸ್ವಾಮಿ ವಾರಸುದಾರರು ಎಂದು ಕೇಳು. ನಿನ್ನ ಮೇಲೆ ದೂರು ಬಂದರೆ ಲಕ್ಷ್ಮೀದೇವಮ್ಮ ಹೇಳಿ ಬರೆಸಿದ್ದು ಎನ್ನು. ಈ ಸಲವಾದರೂ ನನ್ನ ಹೆಸರು ಬರಲಿ.

ಸಿದ್ರಾಳ ಕೆನ್ನೆಗೊಂದು ಮುತ್ತು ಕೊಡು. ದೇವರು ಅವಳಿಗೆ ನೂರು ವರ್ಷ ಕೊಡಲಿ.

ನಿನ್ನ
ಲಕ್ಷ್ಮೀದೇವಿ

ಬರೆಯದೆ ಉಳಿದದ್ದು: ಕೊನೆಯ ಚಿತ್ರದಲ್ಲಿ ರಾಕ್ಷಸನ ಪ್ರಾಣವಿರುವ ಗಿಣಿಯನ್ನು ಪುಸ್ತಕದಲ್ಲಿರುವಂತೆ ಹಾರಿಬಿಡಲೇ ಎಂದು ಕೇಳಿದ್ದೀಯ. ನಮ್ಮಜ್ಜಿಯ ಕಥೆಯಲ್ಲಿ ರಾಜಕುಮಾರ ಅದರ ಕತ್ತು ಮುರಿಯುತ್ತಾನೆ. ಕಥೆಯಲ್ಲಿ ಅದನ್ನು ಹಾರಿಬಿಡುವಂತೆ ಮಾಡಿದವಳು ನನ್ನ ಮಗಳು ನಂಜಿ. ಐದು ವರ್ಷದವಳು, ಜ್ವರದಲ್ಲಿ ಮಲಗಿದ್ದವಳು, "ಬ್ಯಾಡ ಕಣವ್ವ, ಬುಟ್‌ಬುಡು ಅದ್ನ" ಎಂದು ಅತ್ತಳು. ಬಿಟ್ಟೆ. ಮೂರನೆಯ ದಿನ ಅವಳೂ ಹೋದಳು. ಇದನ್ನೂ ಮೇಷ್ಟ್ರಿಗೆ ಹೇಳಿದ್ದೆ. ಅದಕ್ಕೂ ಹೂಂ ಎಂದಿದ್ದರು. ಪುಸ್ತಕದ ಮುನ್ನುಡಿಯಲ್ಲಿ ಗಿಣಿಗಾಗಿ ಅತ್ತವಳು ಅವರ ಮಗಳು ಹೇಮಶ್ರೀ.

ಕತ್ತು ಮುರಿದಂತೆಯೇ ಬರಿ, ಖಮರು. ಬೇಡ ಎಂದು ಅಳುವವಳು ಈಗ ಇಲ್ಲ.